ಬೇರೆ ಬೇರೆ ಜನ ಇರುವ ಊರಿನಲ್ಲಿ ಎಲ್ಲರೂ ನಂಬುವ ಮುಂದಾಳುಗಳನ್ನು ಬೆಳೆಸುವುದು ಹೇಗೆ?

ಊರಂಚಿನ ಮನೆ (ಏಪ್ರಿಲ್ 14, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮದು ತುಮಕೂರು ಕಡೆಯ ಒಂದು ಪಂಚಾಯಿತಿ. ಮೊದಲು ಬರೀ ರಾಗಿ, ತೆಂಗು. ಈಗ ಎರಡು ಕಿಲೋಮೀಟರ್ ಆಚೆ ಕಾರ್ಖಾನೆಗಳು ಬಂದಿವೆ. ಹಳೇ ಊರಿನಲ್ಲಿ ಲಿಂಗಾಯತರು, ಒಕ್ಕಲಿಗರು, ಮಾದಿಗರ ಕೇರಿ, ಸ್ವಲ್ಪ ದೂರದಲ್ಲಿ ಗೊಲ್ಲರಹಟ್ಟಿ. ಸಂತೆ ಬೀದಿಯಲ್ಲಿ ಮುಸ್ಲಿಮರ ಮನೆಗಳು. ಊರಾಚೆ ಶೀಟ್ ಮನೆಗಳ ಸಾಲಿನಲ್ಲಿ ಒಡಿಶಾ, ಬಿಹಾರದ ಹುಡುಗರು, ರಾಯಚೂರು ಕಡೆಯಿಂದ ದುಡಿಯಲು ಬಂದ ಸಂಸಾರಗಳು.

ಹೋದ ವಾರ ಟ್ಯಾಂಕರ್ ನೀರಿಗೆ ಜಗಳ ಆಯಿತು. ಬಿಂದಿಗೆ ಸಾಲಿನಲ್ಲಿ ಶುರುವಾದ ಮಾತು ಸಂಜೆ ಹೊತ್ತಿಗೆ ಜಾತಿ, ಧರ್ಮದ ಮಾತಾಯಿತು. ಯಾರೋ ಎಲ್ಲಿಯದೋ ಹಳೇ ವಿಡಿಯೊವನ್ನು ನಮ್ಮೂರಿನದು ಅಂತ ವಾಟ್ಸಾಪಿನಲ್ಲಿ ಹರಿಬಿಟ್ಟರು. ಇಬ್ಬರು ಹುಡುಗರ ತಲೆಗೆ ಪೆಟ್ಟು ಬಿತ್ತು. ಆಮೇಲೆ ಶಾಂತಿ ಸಭೆ ಕರೆದರು. ಪ್ರತಿ ಗಣೇಶ ಹಬ್ಬಕ್ಕೂ ಬಕ್ರೀದಿಗೂ ಕರೆಯುವ ಅದೇ ಎಂಟು ಜನ 'ಮುಖಂಡರು' ಬಂದರು, ಟೀ ಕುಡಿದರು, ಸಹಿ ಹಾಕಿದರು, ಹೋದರು. ಜಗಳ ಆದ ಬೀದಿಯಿಂದ ಒಬ್ಬ ಹೆಂಗಸೂ ಅಲ್ಲಿರಲಿಲ್ಲ. ಶೀಟ್ ಮನೆಯವರನ್ನು ಕರೆದೇ ಇರಲಿಲ್ಲ.

ನಾನು, ಇನ್ನಿಬ್ಬರು ಗೆಳೆಯರು ಸೇರಿ ಬೀದಿಗೆ ಒಬ್ಬರಂತೆ ಹೊಸಬರನ್ನು ತಯಾರು ಮಾಡೋಣ ಅಂತ ಇದ್ದೇವೆ. ಪಂಚಾಯಿತಿ ಸಭಾಂಗಣದಲ್ಲಿ ಎರಡು ದಿನದ ತರಬೇತಿ ಅಂದುಕೊಂಡಿದ್ದೇವೆ. ಯಾರನ್ನು ಆರಿಸಬೇಕು? ಏನು ಕಲಿಸಬೇಕು? ಇಂಥದ್ದನ್ನು ಮಾಡಿ ನೋಡಿದವರು ಹೇಳಿ.

ನಿವೃತ್ತ ಮೇಷ್ಟ್ರು (ಏಪ್ರಿಲ್ 14, ರಾತ್ರಿ 10:25)

ತಮ್ಮಾ, ಮೊದಲೇ ಸಭಾಂಗಣ ಹಿಡಿಯಬೇಡ. ಎರಡು ದಿನ ಬೀದಿ ಸುತ್ತು. ಪ್ರತಿ ಬೀದಿಯ ನಾಲ್ಕಾರು ಹೆಂಗಸರನ್ನು ಒಂದೇ ಮಾತು ಕೇಳು: "ರಾತ್ರಿ ಮಗುವಿಗೆ ಜ್ವರ ಬಂದು, ಮನೆಯಲ್ಲಿ ಗಂಡಸರು ಇಲ್ಲದಿದ್ದರೆ ಯಾರ ಬಾಗಿಲು ತಟ್ಟುತ್ತೀರಿ?" ಬರುವ ಹೆಸರುಗಳಲ್ಲಿ ಶಾಂತಿ ಸಭೆಯ ಎಂಟು ಜನರಲ್ಲಿ ಒಬ್ಬರಾದರೂ ಇರುತ್ತಾರಾ ನೋಡು.

ನಾನಿದ್ದ ಶಾಲೆಯ ಕಥೆ ಹೇಳುತ್ತೇನೆ. 2001ರಲ್ಲಿ ಸರ್ಕಾರ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ತಂದಿತು. ಅದಕ್ಕೆ ಮುಂಚೆ ಶಾಲಾ ಸಮಿತಿ ಎಂದರೆ ಊರ ಗೌಡರು, ಸಾಹುಕಾರರು. ಅವರ ಮಕ್ಕಳು ಪಟ್ಟಣದ ಕಾನ್ವೆಂಟಿನಲ್ಲಿ ಓದುತ್ತಿದ್ದರು. ಹೊಸ ನಿಯಮದಲ್ಲಿ ನಮ್ಮ ಶಾಲೆಗೆ ಮಗು ಕಳಿಸುವ ತಂದೆತಾಯಿಯರೇ ಸಮಿತಿಗೆ ಬರಬೇಕಾಯಿತು. ಕೂಲಿ ಮಾಡುವ ಒಬ್ಬ ತಾಯಿ ಅಧ್ಯಕ್ಷೆ ಆದರು. ಮೊದಲ ಮೂರು ಸಭೆಯಲ್ಲಿ ಆ ತಾಯಿ ಬಾಯಿ ಬಿಡಲಿಲ್ಲ, ಕುರ್ಚಿಯ ತುದಿಯಲ್ಲಿ ಕೂತಿರುತ್ತಿದ್ದರು.

ಆಮೇಲೆ ಬಿಸಿಯೂಟ ಬಂತು. ಅಡುಗೆಗೆ ದಲಿತ ಹೆಂಗಸು ನೇಮಕ ಆದರು ಅಂತ ಕೆಲವರು ಮಕ್ಕಳಿಗೆ ಊಟ ಬಿಡಿಸಿದರು. ನಾನು ಹೆಡ್‌ಮಾಸ್ಟರು, ಕಾನೂನು ಹೇಳಿದೆ, ಯಾರೂ ಕೇಳಲಿಲ್ಲ. ಆ ಅಧ್ಯಕ್ಷೆ ಮಧ್ಯಾಹ್ನ ಬಂದು ಮಕ್ಕಳ ಸಾಲಿನಲ್ಲಿ ಕೂತು ಊಟ ಮಾಡಿದರು. ಒಂದು ದಿನ ಅಲ್ಲ, ಹದಿನೈದು ದಿನ, ಅರ್ಧ ದಿನದ ಕೂಲಿ ಬಿಟ್ಟು. ಊಟ ಬಿಡಿಸಿದವರ ಮನೆಗೆ ಸಂಜೆ ಹೋಗಿ ಜಗಲಿಯ ಮೇಲೆ ಕೂತು ಬರುತ್ತಿದ್ದರು. ಬೈಯುತ್ತಿರಲಿಲ್ಲ. "ಅವಳು ಅಕ್ಕಿ ಆರಿಸೋದು ನೋಡು ಬಾ, ನಿನಗಿಂತ ಚೆನ್ನಾಗಿ ಆರಿಸ್ತಾಳೆ" ಅನ್ನುತ್ತಿದ್ದರಂತೆ. ಇಬ್ಬರ ಮಕ್ಕಳು ಬಿಟ್ಟು ಉಳಿದವರೆಲ್ಲ ವಾಪಸ್ ಬಂದರು. ಆ ಇಬ್ಬರು ಕೊನೆಗೂ ಬರಲಿಲ್ಲ, ಅದನ್ನೂ ಹೇಳಬೇಕು.

ಆಕೆಗೆ ಯಾವ ತರಬೇತಿಯಲ್ಲೂ ಇದನ್ನು ಹೇಳಿಕೊಟ್ಟಿರಲಿಲ್ಲ. ಜವಾಬ್ದಾರಿ ಕೊಟ್ಟಿದ್ದೆವು, ಅಷ್ಟೇ.

ನೇರ ಮಾತು (ಏಪ್ರಿಲ್ 15, ಬೆಳಿಗ್ಗೆ 7:10)

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ. ಆದರೆ ಇನ್ನೊಂದು ಮುಖವನ್ನೂ ಹೇಳಲೇಬೇಕು. ನಮ್ಮ ಬಡಾವಣೆಯಲ್ಲೂ ಹೀಗೇ ಒಬ್ಬ ಒಳ್ಳೇ ಹುಡುಗನನ್ನು ಮುಂದೆ ತಂದೆವು. ರಕ್ತದಾನ, ಗಣೇಶೋತ್ಸವ, ಎಲ್ಲದಕ್ಕೂ ಅವನೇ. ಮೂರು ವರ್ಷದಲ್ಲಿ ಫ್ಲೆಕ್ಸಿನಲ್ಲಿ ಅವನ ಫೋಟೊ. ನಾಲ್ಕನೇ ವರ್ಷ ಚರಂಡಿ ಕೆಲಸದ ಗುತ್ತಿಗೆ ಅವನ ಭಾವಮೈದುನನಿಗೆ. ಈಗ ಅವನ ಜಾತಿಯವರು ಬಿಟ್ಟು ಯಾರೂ ಅವನ ಹತ್ತಿರ ಹೋಗುವುದಿಲ್ಲ. ಒಬ್ಬರನ್ನು ಬೆಳೆಸಿದರೆ ಹೀಗೇ ಆಗುವುದು. ಮುಂದಾಳು ಬೇಕೇ ಬೇಕಾ ಅನ್ನುವುದು ನನ್ನ ಪ್ರಶ್ನೆ.

ಲೆಕ್ಕದ ಪುಸ್ತಕ (ಏಪ್ರಿಲ್ 15, ಬೆಳಿಗ್ಗೆ 8:30)

ನಾನು ಇಪ್ಪತ್ತು ವರ್ಷ ಪಂಚಾಯಿತಿಗಳಲ್ಲಿ ಕೆಲಸ ಮಾಡಿದವನು, ಕೊನೆಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಿ ನಿವೃತ್ತಿ. 'ನೇರ ಮಾತು' ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಅದಕ್ಕೆ ಕಾರಣ ಮಾತ್ರ ಬೇರೆ ಅನ್ನಿಸುತ್ತದೆ. ಆ ಹುಡುಗ ಕೆಟ್ಟದ್ದು ಅವನಿಗೆ ಲೆಕ್ಕ ಕೇಳುವ ಜಾಗ ಇಲ್ಲದೆ ಇದ್ದದ್ದರಿಂದ. ಗಣೇಶೋತ್ಸವದ ಮೊದಲ ವರ್ಷದ ಚಂದಾ ಲೆಕ್ಕವನ್ನು ಬೀದಿಯಲ್ಲಿ ನಿಂತು ಓದಿಸಿದ್ದರೆ?

ನಮ್ಮ ಕಾನೂನಿನಲ್ಲಿ ಜಮಾಬಂದಿ ಅಂತ ಒಂದು ಒಳ್ಳೇ ಏರ್ಪಾಡು ಇದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಗ್ರಾಮ ಪಂಚಾಯಿತಿ ತನ್ನ ಹಿಂದಿನ ವರ್ಷದ ಲೆಕ್ಕವನ್ನು, ಮಾಡಿದ ಕಾಮಗಾರಿಯನ್ನು ಜನರ ಮುಂದೆ ಇಡಬೇಕು. ಎಷ್ಟು ಊರುಗಳಲ್ಲಿ ಜನ ಬಂದು ಕೂರುತ್ತಾರೆ? ನಾನು ನೋಡಿದ ಹೆಚ್ಚಿನ ಜಮಾಬಂದಿಗಳಲ್ಲಿ ಸಿಬ್ಬಂದಿಯೇ ಜಾಸ್ತಿ. ಒಂದು ಊರಿನಲ್ಲಿ ಮಾತ್ರ ಸ್ತ್ರೀಶಕ್ತಿ ಸಂಘದ ಹೆಂಗಸರು ಟೇಪು ಹಿಡಿದು ಬಂದು ಸಿಸಿ ರಸ್ತೆಯ ಅಗಲ ಅಳೆದರು. ಬಿಲ್ಲಿನಲ್ಲಿ ಇದ್ದದ್ದಕ್ಕಿಂತ ಒಂದು ಅಡಿ ಕಡಿಮೆ ಇತ್ತು. ಆ ಹೆಂಗಸರಲ್ಲಿ ಎಲ್ಲ ಜಾತಿಯವರೂ ಇದ್ದರು. ಅವತ್ತಿನಿಂದ ಊರು ಅವರ ಮಾತು ಕೇಳಲು ಶುರು ಮಾಡಿತು.

ಇನ್ನು ತರಬೇತಿ. ಅಬ್ದುಲ್ ನಜೀರ್ ಸಾಬ್ ಅವರನ್ನು ನೆನೆಯದೆ ಈ ಮಾತು ಮುಗಿಯುವುದಿಲ್ಲ. ಆಗಿನ ಪಂಚಾಯತ್‌ರಾಜ್ ಸಚಿವರು, ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡವರು. 1987ರ ಜನವರಿ ಚುನಾವಣೆಯಲ್ಲಿ ಕರ್ನಾಟಕದ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಲ್ಲಿ ಹೆಂಗಸರಿಗೆ ಶೇ. 25 ಸೀಟು ಇಟ್ಟರು. ದೇಶಕ್ಕೆಲ್ಲ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಸೀಟು ಮೀಸಲಿಟ್ಟ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ಕ್ಕೆ. ಅಂದರೆ ನಾವು ಆರು ವರ್ಷ ಮುಂದಿದ್ದೆವು. ಆಗ "ಓದು ಬರಹ ಬಾರದವರಿಗೆ ಯಾಕೆ" ಅಂದವರು ಬಹಳ ಜನ. ಅಧಿಕಾರ ಮೊದಲು ಕೈಗೆ ಬಂತು, ಕಲಿಕೆ ಅದರ ಹಿಂದೆ ಬಂತು. ನನ್ನ ಅನುಭವದಲ್ಲಿ ಅದೇ ಸರಿಯಾದ ಕ್ರಮ. ಕೈಯಲ್ಲಿ ಏನೂ ಇಲ್ಲದವರಿಗೆ ಎರಡು ದಿನ ತರಬೇತಿ ಕೊಟ್ಟರೆ ಬ್ಯಾಗು, ಪೆನ್ನು ತೆಗೆದುಕೊಂಡು ಮನೆಗೆ ಹೋಗುತ್ತಾರೆ.

ನೇರ ಮಾತು (ಏಪ್ರಿಲ್ 15, ಬೆಳಿಗ್ಗೆ 9:05)

ಸಾರ್, ಅಧಿಕಾರ ಕೈಗೆ ಬಂತು ಅಂತೀರಿ. ನಮ್ಮಲ್ಲಿ ಅಧ್ಯಕ್ಷೆಯ ಕುರ್ಚಿಯಲ್ಲಿ ಅವರ ಯಜಮಾನರು ಕೂರುತ್ತಾರಲ್ಲ?

ಲೆಕ್ಕದ ಪುಸ್ತಕ (ಏಪ್ರಿಲ್ 15, ಬೆಳಿಗ್ಗೆ 9:50)

ಕೂರುತ್ತಾರೆ, ನಾನೇ ಎಬ್ಬಿಸಿದ್ದೇನೆ, ಅದಕ್ಕೆ ವರ್ಗಾವಣೆಯನ್ನೂ ಕಂಡಿದ್ದೇನೆ. ಆದರೂ ಒಂದು ವಿಷಯ ಹೇಳುತ್ತೇನೆ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಎಸ್ತರ್ ಡಫ್ಲೊ ಮತ್ತು ಜೊತೆಯವರು ಒಂದು ಅಧ್ಯಯನ ಮಾಡಿದರು. ಡಫ್ಲೊ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಒಂದೇ ಭಾಷಣವನ್ನು ಗಂಡು ದನಿಯಲ್ಲೂ ಹೆಣ್ಣು ದನಿಯಲ್ಲೂ ಜನರಿಗೆ ಕೇಳಿಸಿದರು. ಹೆಣ್ಣು ಮುಂದಾಳನ್ನು ಎಂದೂ ಕಾಣದ ಊರುಗಳ ಗಂಡಸರು ಹೆಣ್ಣು ದನಿಗೆ ಕಡಿಮೆ ಅಂಕ ಕೊಟ್ಟರು. ಮೀಸಲಾತಿಯಿಂದ ಹೆಣ್ಣು ಪ್ರಧಾನರನ್ನು (ಅಲ್ಲಿ ಪಂಚಾಯಿತಿ ಅಧ್ಯಕ್ಷರಿಗೆ ಹಾಗನ್ನುತ್ತಾರೆ) ಕಂಡಿದ್ದ ಊರುಗಳಲ್ಲಿ ಆ ತಾರತಮ್ಯ ಮಾಯವಾಗಿತ್ತು. ಎರಡು ಅವಧಿ ಮೀಸಲಾಗಿದ್ದ ಕಡೆ ಮೀಸಲಾತಿ ಇಲ್ಲದ ಸೀಟಿನಲ್ಲೂ ಜಾಸ್ತಿ ಹೆಂಗಸರು ಗೆದ್ದರು. ಕಣ್ಣಿಗೆ ರೂಢಿ ಆಗಬೇಕು. ಅದಕ್ಕೆ ವರ್ಷಗಳು ಬೇಕು.

ಆಶಾ ಅಕ್ಕ (ಏಪ್ರಿಲ್ 15, ಮಧ್ಯಾಹ್ನ 2:15)

ನಾನು ಹದಿನಾಲ್ಕು ವರ್ಷದಿಂದ ಆಶಾ ಕಾರ್ಯಕರ್ತೆ. ಗುಂಪಿಗೆ ಸೇರಿ ಬಹಳ ದಿನ ಆದರೂ ಬರೆಯುತ್ತಿರುವುದು ಇದೇ ಮೊದಲು.

2005ರಲ್ಲಿ ಆಶಾ ಯೋಜನೆ ಬಂದಾಗ ಇಟ್ಟ ನಿಯಮ ನನಗೆ ಇವತ್ತಿಗೂ ಸರಿ ಅನ್ನಿಸುತ್ತದೆ. ಅದೇ ಊರಿನ ಸೊಸೆಯಾಗಿರಬೇಕು ಅಥವಾ ಅಲ್ಲೇ ನೆಲೆಸಿದವಳಾಗಿರಬೇಕು. ಸಾವಿರ ಜನಕ್ಕೆ ಒಬ್ಬಳು. ಹೊರಗಿನ ನರ್ಸಮ್ಮ ಬಸ್ ಹಿಡಿದು ಹೋಗಿಬಿಡುತ್ತಾರೆ. ನಾನು ತಪ್ಪು ಮಾಡಿದರೆ ನಾಳೆ ಬೆಳಿಗ್ಗೆ ಅದೇ ನಲ್ಲಿಯ ಹತ್ತಿರ ಸಿಗುತ್ತೇನೆ.

ಮೊದಲು ಸಂತೆ ಬೀದಿಯ ಕೆಲವು ಮನೆಯವರು, ಹಟ್ಟಿಯವರು ನನ್ನನ್ನು ಒಳಗೆ ಕರೆಯುತ್ತಿರಲಿಲ್ಲ. ಹಟ್ಟಿಯಲ್ಲಿ ಬಾಣಂತಿಯನ್ನು ಊರ ಹೊರಗೆ ಗುಡಿಸಲಿನಲ್ಲಿ ಇಡುವ ಪದ್ಧತಿ ಇತ್ತು. ನಾನು ಮೊದಲ ದಿನವೇ "ಇದು ತಪ್ಪು" ಅಂದಿದ್ದರೆ ಬಾಗಿಲು ಮುಚ್ಚುತ್ತಿತ್ತು. ಗುಡಿಸಲಿಗೇ ಹೋಗಿ ಕೂಸಿನ ತೂಕ ನೋಡಿದೆ, ಮಳೆ ಬಂದಾಗ ಟಾರ್ಪಾಲು ತಂದು ಹೊದಿಸಿದೆ. ಎರಡನೇ ವರ್ಷ ಒಬ್ಬ ಅಜ್ಜಿಯೇ ಸೊಸೆಯನ್ನು ಮನೆಯಲ್ಲಿ ಉಳಿಸಿಕೊಂಡರು. ಆಮೇಲೆ ಬೇರೆಯವರಿಗೆ ಹೇಳಿದ್ದು ಆ ಅಜ್ಜಿ, ನಾನಲ್ಲ.

ನನ್ನ ಮೇಲಿನ ನಂಬಿಕೆ ಒಡೆದದ್ದೂ ಉಂಟು. ಕೊರೊನಾ ಕಾಲದಲ್ಲಿ ಮನೆ ಮನೆಗೆ ಸರ್ವೆ ಮಾಡಿಸಿದರು. ಪಟ್ಟಿ ಬರೆದುಕೊಂಡು ಹೋಗುತ್ತಿದ್ದೆ, ಅವರ ಮನೆಗೆ ರೇಷನ್ ಬಂದಿಲ್ಲ ಅಂದರೆ ಏನೂ ಮಾಡಲಾಗುತ್ತಿರಲಿಲ್ಲ. ಹತ್ತು ವರ್ಷ ಟೀ ಕೊಟ್ಟ ಮನೆಯವರೇ ಬಾಗಿಲು ಹಾಕಿದರು. ಮೇಲಿನವರ ಮಾತನ್ನು ಕೆಳಗೆ ತರುವವಳು ಮಾತ್ರ ಆದರೆ ನಾವು ಯಾರಿಗೂ ಬೇಡ. ಕೆಳಗಿನ ಮಾತು ಮೇಲೆ ಹೋಗಿ ಉತ್ತರ ತರಬೇಕು. ಅಣ್ಣ, ನಿಮ್ಮ ಬೀದಿಗೆ ಒಬ್ಬರು ಅನ್ನುವವರಿಗೆ ಪಂಚಾಯಿತಿಯಲ್ಲಿ ಯಾರು ಉತ್ತರ ಕೊಡುತ್ತಾರೆ ಅಂತ ಮೊದಲು ಗೊತ್ತು ಮಾಡಿಕೊಳ್ಳಿ.

ಉತ್ತರ ಪ್ರದೇಶದ ಪೋಲಿಯೊ ಕೆಲಸದ ಬಗ್ಗೆ ತರಬೇತಿಯಲ್ಲಿ ಹೇಳಿದ್ದರು. ಹನಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಅನ್ನುವ ಸುದ್ದಿ ಹರಡಿ ಹಲವು ಮೊಹಲ್ಲಾಗಳಲ್ಲಿ ಬಾಗಿಲು ಮುಚ್ಚಿದ್ದರಂತೆ. ಆಗ ಅದೇ ಮೊಹಲ್ಲಾದ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡರು. ಮಸೀದಿಯ ಮೈಕಿನಲ್ಲಿ ಇಮಾಮರೇ ಹೇಳಿದರು. ಜನ ಬರೀ ಹನಿ ಯಾಕೆ, ನೀರು ಚರಂಡಿ ಯಾಕಿಲ್ಲ ಅಂತ ಕೇಳಿದ್ದಕ್ಕೂ ಕಿವಿಗೊಟ್ಟರಂತೆ. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿ 13ರಂದು ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು.

ಕೆರೆ ಏರಿ (ಏಪ್ರಿಲ್ 15, ರಾತ್ರಿ 8:45)

ನೀರಿನ ಜಗಳದಿಂದ ಶುರುವಾದ ಚರ್ಚೆ ಆದ್ದರಿಂದ ಕೋಲಾರದ ನಮ್ಮ ನೀರುಗಂಟಿಗಳನ್ನು ನೆನೆಯುತ್ತೇನೆ. ಕೆರೆಯ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವುದು ಅವರ ಕೆಲಸ. ಹೆಚ್ಚಿನ ಊರುಗಳಲ್ಲಿ ಅವರು ದಲಿತ ಕುಟುಂಬದವರು. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟಕ್ಕೆ ನಾಟಿ ಮಾಡಬಹುದು ಅನ್ನುವುದಕ್ಕೂ ಅವರ ಅಂದಾಜು ಬೇಕಿತ್ತು. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ, ಅಂದರೆ ಕೆಲಸಕ್ಕೆ ಕೂಲಿಯಾಗಿ ಕೊಡುವ ಕಾಳು, ತೆಗೆದುಕೊಂಡು ಹೋಗುತ್ತಿದ್ದರು. ನಮ್ಮ ತಾತ ಹೇಳುತ್ತಿದ್ದರು, ಪಟೇಲರು ತಮ್ಮ ಗದ್ದೆಗೆ ರಾತ್ರಿ ನೀರು ತಿರುಗಿಸಿಕೊಂಡಾಗ ನೀರುಗಂಟಿ ಬೆಳಿಗ್ಗೆ ಎಲ್ಲರ ಎದುರು ಮಡೆ ಕಟ್ಟಿದನಂತೆ, ಪಟೇಲರು ಸುಮ್ಮನಿದ್ದರಂತೆ.

ಇದನ್ನು ಚಿನ್ನದ ಕಾಲ ಅಂತ ಹೇಳಲಾರೆ. ಅದೇ ನೀರುಗಂಟಿಗೆ ಆ ಪಟೇಲರ ಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಅವನ ಮಗನೂ ನೀರುಗಂಟಿಯೇ ಆಗಬೇಕಿತ್ತು. ಅದು ಹೋಗಬೇಕಾದದ್ದೇ. ಆದರೆ ಆ ಕೆಲಸದ ಕಟ್ಟುಪಾಡು ನೋಡಿ. ಬಹುಪಾಲು ಅವನದೇ ಗದ್ದೆ ಆ ನೀರಿನ ಮೇಲೆ ನಿಂತಿರಲಿಲ್ಲ, ಇದ್ದರೂ ಚೂರು ಇನಾಂ ಜಮೀನು. ಅವನ ಕೆಲಸ ಹಗಲು ಬೆಳಕಿನಲ್ಲಿ ಎಲ್ಲರ ಕಣ್ಣಿಗೆ ಕಾಣುತ್ತಿತ್ತು. ತಪ್ಪಿದರೆ ಆಯ ಸಿಗುತ್ತಿರಲಿಲ್ಲ. ಆ ಕಟ್ಟುಪಾಡನ್ನು ಇಟ್ಟುಕೊಂಡು ಜಾತಿಯನ್ನು ಬಿಡಬಹುದು ಅಲ್ವಾ? ನಿಮ್ಮ ಟ್ಯಾಂಕರಿಗೆ ಒಬ್ಬ ನೀರುಗಂಟಿ ಬೇಕು.

ಹೊಲಿಗೆ ಟೀಚರ್ (ಏಪ್ರಿಲ್ 16, ಮಧ್ಯಾಹ್ನ 12:30)

ಎಲ್ಲರ ಮಾತೂ ಓದಿದೆ. ನಾನು ಮುಸ್ಲಿಂ ಹೆಣ್ಣುಮಗಳು, ಹೊಲಿಗೆ ಕಲಿಸುತ್ತೇನೆ. ಒಂದು ನೋವು ಹೇಳಿಕೊಳ್ಳಬೇಕು.

ನನ್ನನ್ನು ಹಲವು ಸಮಿತಿಗಳಿಗೆ ಕರೆದಿದ್ದಾರೆ. ಪ್ರತಿ ಸಲವೂ 'ನಿಮ್ಮ ಜನರ ಪರವಾಗಿ' ಮಾತಾಡಿ ಅನ್ನುತ್ತಾರೆ. ಎಲ್ಲೋ ಏನೋ ಆದರೆ ಉತ್ತರ ನಾನು ಕೊಡಬೇಕು. ನನಗೆ ಚರಂಡಿ ಬಗ್ಗೆ ಮಾತಾಡಬೇಕು. ಹೆಣ್ಣುಮಕ್ಕಳು ಸಂಜೆ ಕಾರ್ಖಾನೆಯಿಂದ ಬರುವ ದಾರಿಯಲ್ಲಿ ದೀಪ ಇಲ್ಲ, ಅದರ ಬಗ್ಗೆ ಮಾತಾಡಬೇಕು. ಅದಕ್ಕೆ ಯಾರೂ ಕರೆಯುವುದಿಲ್ಲ. ನನ್ನ ಹತ್ತಿರ ಹೊಲಿಗೆ ಕಲಿಯುವವರಲ್ಲಿ ಲಿಂಗಾಯತರ ಮಕ್ಕಳಿದ್ದಾರೆ, ಕೇರಿಯವರಿದ್ದಾರೆ. ಅವರಿಗೆ ನಾನು ಟೀಚರ್. ಸಭೆಯಲ್ಲಿ ಮಾತ್ರ ನಾನು 'ಆ ಕಡೆಯವಳು' ಆಗಿಬಿಡುತ್ತೇನೆ.

ಬೀದಿಗೆ ಒಬ್ಬರು ಅಂದರೆ ಜಾತಿಗೆ ಒಬ್ಬರು, ಧರ್ಮಕ್ಕೆ ಒಬ್ಬರು ಅಂತಲೇ ಆಗುತ್ತದೆ, ಯಾಕೆಂದರೆ ನಮ್ಮ ಬೀದಿಗಳೇ ಹಾಗಿವೆ. ಕೆಲಸಕ್ಕೆ ಇಬ್ಬರು ಅಂತ ಮಾಡಿ. ಆ ಇಬ್ಬರೂ ಬೇರೆ ಬೇರೆ ಬೀದಿಯವರಾಗಿರಲಿ.

ಊರಂಚಿನ ಮನೆ (ಏಪ್ರಿಲ್ 16, ಮಧ್ಯಾಹ್ನ 1:05)

ಟೀಚರ್, ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಮ್ಮ ಪಟ್ಟಿಯಲ್ಲಿ ನಿಜವಾಗಿಯೂ ಹೆಸರಿನ ಮುಂದೆ ಜಾತಿ ಬರೆದುಕೊಂಡಿದ್ದೆವು. ಹರಿದು ಹಾಕಿದೆ.

ಮುಂಬೈ ಕನ್ನಡಿಗ (ಏಪ್ರಿಲ್ 16, ರಾತ್ರಿ 11:20)

ಹೋಟೆಲ್ ಮುಚ್ಚಿ ಬಂದು ಬರೆಯುತ್ತಿದ್ದೇನೆ. ನಮ್ಮ ತಂದೆ ಉಡುಪಿಯಿಂದ ಇಲ್ಲಿಗೆ ಬಂದವರು. 1992ರ ಡಿಸೆಂಬರ್, 1993ರ ಜನವರಿಯಲ್ಲಿ ನಾನು ಹೈಸ್ಕೂಲ್ ಹುಡುಗ. ಮುಂಬೈಯ ಹಿಂದೂ-ಮುಸ್ಲಿಂ ಗಲಭೆಯಲ್ಲಿ ಆಗ ಸತ್ತವರು 900 ಅಂತ ಅದರ ತನಿಖೆ ಮಾಡಿದ ಶ್ರೀಕೃಷ್ಣ ಆಯೋಗ ಹೇಳಿತು. ನಮ್ಮ ಹೋಟೆಲಿನ ಶಟರು ವಾರಗಟ್ಟಲೆ ಏಳಲಿಲ್ಲ.

ಪಕ್ಕದ ಭಿವಂಡಿಯಲ್ಲಿ ಆ ಸಲ ಶಾಂತಿ ಇತ್ತು. 1970ರಲ್ಲಿ, 1984ರಲ್ಲಿ ಹೊತ್ತಿ ಉರಿದಿದ್ದ ಊರು ಅದು. 1988ರಲ್ಲಿ ಅಲ್ಲಿಗೆ ಡಿಸಿಪಿ (ಉಪ ಪೊಲೀಸ್ ಆಯುಕ್ತ) ಆಗಿ ಬಂದ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿ ಕಟ್ಟಿಸಿದರು. ದೊಡ್ಡ ದೊಡ್ಡ ಹೆಸರಿನವರನ್ನು ನೆಚ್ಚಿಕೊಳ್ಳದೆ ಬೀದಿಯ ಸಾಮಾನ್ಯ ಜನರನ್ನು ಸೇರಿಸಿದರು. ಹಿಂದೂಗಳು, ಮುಸ್ಲಿಮರು ಇಬ್ಬರೂ, ಜೊತೆಗೆ ಆ ಭಾಗದ ಪೊಲೀಸರು. ಗಲಾಟೆ ಇಲ್ಲದ ದಿನಗಳಲ್ಲೂ ಕೂರುತ್ತಿದ್ದರು. ಮಾತು ನಲ್ಲಿ ನೀರು, ಅಕ್ಕಪಕ್ಕದ ಜಗಳ, ಹೀಗೆ ಸಣ್ಣ ಸಣ್ಣ ವಿಷಯ. ನಾಲ್ಕು ವರ್ಷ ಹೀಗೆ ಕೂತು ಅಭ್ಯಾಸ ಆಗಿದ್ದರಿಂದ ಬಾಬರಿ ಮಸೀದಿ ಬಿದ್ದ ದಿನ ಯಾರು ಯಾರಿಗೆ ಮಾತಾಡಬೇಕು ಅಂತ ಹುಡುಕಬೇಕಾಗಲಿಲ್ಲ. ಅಲ್ಲಿ ಪವರ್‌ಲೂಮ್ ಕಸುಬು ಎರಡೂ ಕಡೆಯವರನ್ನು ಹೆಣೆದಿತ್ತು ಅನ್ನುವುದೂ ಮುಖ್ಯ. ಮುಂಬೈಯಲ್ಲಿ ಮೊಹಲ್ಲಾ ಸಮಿತಿ ಆಂದೋಲನ ಶುರುವಾದದ್ದು ಗಲಭೆ ಆದ ಮೇಲೆ. ಮುಂಬೈ ಪೊಲೀಸ್ ಕಮಿಷನರ್ ಆಗಿದ್ದ ಜೂಲಿಯೊ ರಿಬೇರೊ, ಸತೀಶ್ ಸಾಹ್ನಿ, ಶಾಂತಿಗಾಗಿ ಕೆಲಸ ಮಾಡುವ ಸುಶೋಭಾ ಬರ್ವೆ ಬಹಳ ದುಡಿದರು, ಪೊಲೀಸರು ಮತ್ತು ಮೊಹಲ್ಲಾ ಹುಡುಗರ ಕ್ರಿಕೆಟ್ ಪಂದ್ಯ ಕೂಡ ನಡೆಸಿದರು.

ನಿಮ್ಮ ಶಾಂತಿ ಸಭೆ ಗಲಾಟೆ ಆದ ಮೇಲೆ ಸೇರುತ್ತದೆ. ಆಗ ಅಲ್ಲಿ ಕೂತವರಿಗೆ ಒಬ್ಬರ ಮಗಳ ಹೆಸರು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ಊರಂಚಿನ ಮನೆ (ಜುಲೈ 20, ರಾತ್ರಿ 9:15)

ಮೂರು ತಿಂಗಳು ಬರೆಯಲಿಲ್ಲ, ಕ್ಷಮಿಸಿ. ಏನಾಯಿತು ಅಂತ ಹೇಳುತ್ತೇನೆ.

ಹಟ ಬಿಡದೆ ತರಬೇತಿ ಮಾಡಿಯೇ ಬಿಟ್ಟೆವು. ನಲವತ್ತು ಜನ ಬಂದರು, ಊಟ ಚೆನ್ನಾಗಿತ್ತು. ಮುಂದಿನ ವಾರ ಕರೆದಾಗ ಐದು ಜನ ಬಂದರು. ಮೇಷ್ಟ್ರು ಹೇಳಿದ್ದು ಅರ್ಥ ಆಯಿತು.

ಆಮೇಲೆ ಅವರ ಪ್ರಶ್ನೆ ಹಿಡಿದು ಬೀದಿ ಸುತ್ತಿದೆವು. ಬಂದ ಹೆಸರುಗಳಲ್ಲಿ ಶಾಂತಿ ಸಭೆಯವರು ಒಬ್ಬರೂ ಇರಲಿಲ್ಲ. ಹಾಲಿನ ಡೇರಿಯಲ್ಲಿ ಅಳತೆ ಹಾಕುವ ಹೆಂಗಸು, ಗೊಲ್ಲರಹಟ್ಟಿಯ ಒಬ್ಬ ಆಟೊ ಡ್ರೈವರ್, ಸಂತೆ ಬೀದಿಯಲ್ಲಿ ಮಕ್ಕಳಿಗೆ ಅರಬ್ಬಿ ಕಲಿಸುವ ಹಿರಿಯರು, ಕೇರಿಯ ಒಬ್ಬ ಅಂಗನವಾಡಿ ಸಹಾಯಕಿ. ಶೀಟ್ ಮನೆಗಳಲ್ಲಿ ಎಲ್ಲರೂ ಹೇಳಿದ ಹೆಸರು ಅಡುಗೆ ಮೆಸ್ ನಡೆಸುವ ಒಡಿಶಾದ ಒಬ್ಬ ಅಮ್ಮ. ಅವರಿಗೆ ಇಲ್ಲಿ ಓಟೂ ಇಲ್ಲ, ರೇಷನ್ ಕಾರ್ಡೂ ಇಲ್ಲ. ಮನೆ ಮಾಲೀಕರೇ ಇಷ್ಟು ವರ್ಷ ಅವರೆಲ್ಲರ ಪರ ಮಾತಾಡುತ್ತಿದ್ದರು.

ಸಮಿತಿಗೆ ಹೆಸರು ಇಡಲಿಲ್ಲ, ಅಧ್ಯಕ್ಷರನ್ನೂ ಮಾಡಲಿಲ್ಲ. ಟ್ಯಾಂಕರ್ ಒಂದೇ ಕೆಲಸ. ಪ್ರತಿ ವಾರ ಬೇರೆ ಬೇರೆ ಬೀದಿಯ ಇಬ್ಬರು ಜೊತೆ ನಿಂತು ನೀರು ಕೊಡಿಸಬೇಕು. ಯಾವ ಮನೆಗೆ ಎಷ್ಟು ಬಿಂದಿಗೆ ಅಂತ ಪುಸ್ತಕದಲ್ಲಿ ಬರೆಯಬೇಕು. ಭಾನುವಾರ ಅರಳಿಕಟ್ಟೆಯಲ್ಲಿ ಗಟ್ಟಿಯಾಗಿ ಓದಬೇಕು. ತಾವಿರುವ ಬೀದಿಗೆ ತಾವು ನಿಲ್ಲುವ ಹಾಗಿಲ್ಲ, ಇದು ನೀರುಗಂಟಿ ಕಥೆಯಿಂದ ಬಂದದ್ದು.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಮೂರನೇ ವಾರ ಒಬ್ಬ ಹುಡುಗ ಮದುವೆ ಮನೆಯೊಂದಕ್ಕೆ ದುಡ್ಡು ತೆಗೆದುಕೊಂಡು ಎರಡು ಡ್ರಮ್ ನೀರು ಬಿಟ್ಟ. ಪುಸ್ತಕದಲ್ಲಿ ಬರೆಯಲಿಲ್ಲ. ಜೊತೆಯಲ್ಲಿದ್ದ ಡೇರಿಯ ಅಕ್ಕ ಭಾನುವಾರ ಎದ್ದು ನಿಂತು ಹೇಳಿಬಿಟ್ಟರು. ಹುಡುಗ ಅಕ್ಕನ ಜಾತಿಯವನೇ. ಅವರ ಮನೆಯವರು ಹದಿನೈದು ದಿನ ಅಕ್ಕನ ಜೊತೆ ಮಾತು ಬಿಟ್ಟರು. ಆ ಭಾನುವಾರದ ನಂತರ ಸಂತೆ ಬೀದಿಯವರು, ಕೇರಿಯವರು ಅರಳಿಕಟ್ಟೆಗೆ ಬರುವುದು ಜಾಸ್ತಿ ಆಯಿತು. ಹುಡುಗನನ್ನು ಬಿಡಬೇಕೆ ಅಂತ ಚರ್ಚೆ ಆಯಿತು. ಅರಬ್ಬಿ ಮೇಷ್ಟ್ರು "ದುಡ್ಡು ಇಲ್ಲೇ ಇಡಲಿ, ಮುಂದಿನ ವಾರ ನನ್ನ ಜೊತೆ ನಿಲ್ಲಲಿ" ಅಂದರು. ಈಗಲೂ ನಿಲ್ಲುತ್ತಿದ್ದಾನೆ.

ಜೂನ್ ಕೊನೆಯಲ್ಲಿ ಮಳೆ ಬಂತು, ಟ್ಯಾಂಕರ್ ನಿಂತಿತು. ಗುಂಪು ಚದುರಿಬಿಡುತ್ತದೆ ಅಂತ ಹೆದರಿದ್ದೆ. ಟೀಚರ್ ಹೇಳಿದ ಬೀದಿ ದೀಪದ ವಿಷಯ ಎತ್ತಿದೆ. ಕಾರ್ಖಾನೆ ದಾರಿಯಲ್ಲಿ ಕಂಬ ಎಣಿಸಲು ಹನ್ನೊಂದು ಜನ ಬಂದರು. ಆಗಸ್ಟಿನ ಜಮಾಬಂದಿಗೆ ಅರ್ಜಿ ತಯಾರಾಗುತ್ತಿದೆ. ಪಿಡಿಒ ಸಾರ್, ಅದರ ಒಕ್ಕಣೆ ನಿಮಗೆ ಕಳಿಸುತ್ತೇನೆ, ತಿದ್ದಿಕೊಡಿ.

ಲೆಕ್ಕದ ಪುಸ್ತಕ (ಜುಲೈ 20, ರಾತ್ರಿ 9:40)

ಕಳಿಸಿ, ಇವತ್ತೇ ನೋಡುತ್ತೇನೆ. ಪ್ರತಿ ಕಂಬಕ್ಕೂ ನಂಬರ್ ಹಾಕಿ, ಫೋಟೊ ಇಡಿ. ಕೊಟ್ಟ ಅರ್ಜಿಗೆ ಸ್ವೀಕೃತಿ ಸಹಿ ಪಡೆಯದೆ ಬರಬೇಡಿ.

ನೇರ ಮಾತು (ಜುಲೈ 20, ರಾತ್ರಿ 10:10)

ಅಧ್ಯಕ್ಷರನ್ನು ಮಾಡದೆ ಇದ್ದದ್ದು ಒಳ್ಳೆಯದಾಯಿತು. ಮುಂದಿನ ಪಂಚಾಯಿತಿ ಚುನಾವಣೆಗೆ ನಿಮ್ಮ ಡೇರಿ ಅಕ್ಕನನ್ನು ಪಕ್ಷದವರು ಹುಡುಕಿಕೊಂಡು ಬರುತ್ತಾರೆ. ಆಗ ಏನು ಮಾಡುತ್ತೀರಿ ಅಂತ ಈಗಲೇ ಕೂತು ಮಾತಾಡಿ.

ಆಶಾ ಅಕ್ಕ (ಜುಲೈ 21, ಬೆಳಿಗ್ಗೆ 6:30)

ಓದಿ ಕಣ್ಣು ತುಂಬಿತು ಅಣ್ಣ. ಆ ಪುಸ್ತಕ ಈಗ ಯಾರ ಮನೆಯಲ್ಲಿದೆ?

ಊರಂಚಿನ ಮನೆ (ಜುಲೈ 21, ಬೆಳಿಗ್ಗೆ 7:05)

ತಿಂಗಳಿಗೊಂದು ಮನೆ ಅಕ್ಕ. ಈ ತಿಂಗಳು ಮೆಸ್ ಅಮ್ಮನ ಹತ್ತಿರ ಇದೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಅಂಗನವಾಡಿ ಸಹಾಯಕಿಯ ಮಗಳು ದಿನಾ ಸಂಜೆ ಹೋಗಿ ಕಂಬದ ಪಟ್ಟಿ ಬರೆದು ಓದಿ ಹೇಳುತ್ತಾಳೆ. ವಾಪಸ್ ಬರುವಾಗ ಅಮ್ಮ ಅವಳ ಕೈಗೆ ಒಂದು ಡಬ್ಬಿ ಪಖಾಳ ಕೊಟ್ಟು ಕಳಿಸುತ್ತಾರಂತೆ. ನಮ್ಮ ತಂಗಳನ್ನದ ಥರವೇ ಇದೆ ಅಂತ ಅವಳು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.